ಸಣ್ಣ ಮದುವೆಯ ಮಗ

ಬೆಲೆಟೊರು
ಶುಕ್ರವಾರ, ೧೪ ಆಗಸ್ಟ್ ೧೯೫೩

ಪ್ರೀತಿಯ ಮಗಳು ಇಪಾಲಿಬೊಗೆ,

ಹೇಗಿದ್ದೀಯ ತಾಯೀ? ವಾರ್ಡಿನಲ್ಲಿ ದಿನವಿಡೀ ನಿಂತು ಕಾಲು ಊದಿಕೊಳ್ಳುತ್ತದೆ ಎಂದು ಈಸ್ಟರ್ ಹೊತ್ತಿಗೆ ಬರೆದಿದ್ದೆ. ಈಗ ಕಡಿಮೆಯಾಗಿದೆಯೇ? ಬಿಸಿನೀರಿಗೆ ಒಂದು ಹಿಡಿ ಉಪ್ಪು ಹಾಕಿ ಪಾದ ಅದ್ದಿಟ್ಟುಕೋ ಎಂದು ಬರೆಯಹೊರಟು, ನರ್ಸ್ ಆಗುವವಳಿಗೆ ನಾನೇನು ಹೇಳಿಕೊಡುವುದು ಎಂದು ನನಗೇ ನಗು ಬಂತು. ಲಾಗೋಸಿನ ಮೀನು ಸಪ್ಪೆ, ಅಲ್ಲಿಯವರಿಗೆ ಹೊಗೆ ಹಾಕಲು ಬರುವುದಿಲ್ಲ ಎಂದೂ ಬರೆದಿದ್ದೆ. ಹೊಟ್ಟೆ ತುಂಬ ಉಣ್ಣು, ಸಪ್ಪೆಯಾದರೂ ಉಣ್ಣು. ನಿನ್ನ ಕೊನೆಯ ಪರೀಕ್ಷೆ ಮೊನ್ನೆ ಬುಧವಾರ ಮುಗಿದಿರಬೇಕು. ಆ ದಿನಕ್ಕಾಗಿಯೇ ನಾನು ಕಾಯುತ್ತಿದ್ದೆ. ನನ್ನ ಅಕ್ಷರ ನೋಡಿ ನಗಬೇಡ. ಮಿಷನ್ ಶಾಲೆಯ ನಾಲ್ಕನೆಯ ತರಗತಿಯ ಅಕ್ಷರ, ಮೇಲಾಗಿ ದೋಣಿಯ ಸಂದಿಗೆ ರಾಳ ತುಂಬಿ ತುಂಬಿ ಬೆರಳು ಮೊಂಡಾಗಿವೆ. ಪ್ರತಿ ಸಲ ನಿಮ್ಮಮ್ಮ ಪಕ್ಕದಲ್ಲಿ ಕೂತು, "ಅದನ್ನ ಬರಿ, ಇದನ್ನ ಬರೀಬೇಡ, ಮಗು ಗಾಬರಿಯಾಗ್ತಾಳೆ" ಎನ್ನುತ್ತಿದ್ದಳು. ಈ ಸಲ ಬರೆಯಲು ಕೂತವನು ನಾನೊಬ್ಬನೇ.

ಮಗಳೇ, ನಿನ್ನ ಅಣ್ಣ ಸೊಬೆರೆ ಇನ್ನಿಲ್ಲ. ಕಳೆದ ತಿಂಗಳ ಹದಿನೆಂಟರಂದು, ದೋಣಿ ನೆರೆಯುವ ದಿನ, ಅಳಿವೆಯಲ್ಲಿ ಇಗೊನಿ ಮನೆಯ ಯುದ್ಧದೋಣಿ ಮಗುಚಿತು. ಇಪ್ಪತ್ತೆಂಟು ಜನ ಬದುಕಿದರು. ಅವನು ಬದುಕಲಿಲ್ಲ. ತಂತಿ ಕೊಡಲು ನಿಮ್ಮಮ್ಮ ಬಿಡಲಿಲ್ಲ. "ಒಂದು ಮಗು ಹೋಯ್ತು. ಇನ್ನೊಂದರ ಮೂರು ವರ್ಷದ ಓದೂ ನೀರಿಗೆ ಹೋಗ್ಬೇಕಾ?" ಎಂದಳು. ನೀನು ಅಲ್ಲಿ ಪುಸ್ತಕ ಓದುತ್ತ, ಅಣ್ಣ ಇದ್ದಾನೆ ಎಂದುಕೊಂಡು ನಗುತ್ತ ಇರುತ್ತೀಯ ಎಂಬುದೊಂದೇ ಈ ಇಪ್ಪತ್ತೇಳು ದಿನ ನನಗೆ ಇದ್ದ ಸಮಾಧಾನ. ಅದನ್ನೂ ಇವತ್ತು ನಾನೇ ಕಿತ್ತುಕೊಳ್ಳುತ್ತಿದ್ದೇನೆ.

ಅಳು. ಅತ್ತು ಮುಗಿಸಿ ಮುಂದೆ ಓದು. ನಮ್ಮೂರಿನವರು ಲಾಗೋಸಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಿನ್ನ ಅಪ್ಪ ಮಾಡಿದ ಒಂದು ಕೆಲಸದ ಸುದ್ದಿ ಅವರ ಬಾಯಿಂದ ಬರುವ ಮೊದಲು ನನ್ನಿಂದ ನಿನಗೆ ತಿಳಿಯಬೇಕು.

ನೀನೂ ಸೊಬೆರೆಯೂ ಸಣ್ಣ ಮದುವೆಯ ಮಕ್ಕಳು, ತಾಯಿಯ ಮನೆಗೆ ಸೇರಿದವರು ಎಂದು ನಿನಗೆ ಗೊತ್ತು. ಅದು ಯಾಕೆ ಹಾಗಾಯಿತೆಂದು ನಾವು ನಿನಗೆ ಹೇಳಿರಲಿಲ್ಲ. ನನಗೆ ದೊಡ್ಡ ಮದುವೆಯ ಸಾಮರ್ಥ್ಯ ಇರಲಿಲ್ಲ ಎಂದು ನೀನು ತಿಳಿದುಕೊಂಡಿರಬಹುದು. ಹಾಗಲ್ಲ. ದೊಡ್ಡ ಮದುವೆಗೆ ಬೇಕಾದ ಬಟ್ಟೆ, ಹವಳ, ತಾಮ್ರದ ಬಳೆ ಎಲ್ಲವನ್ನೂ ನನ್ನ ಅಣ್ಣ ಪೆಟ್ಟಿಗೆಯಲ್ಲಿ ತುಂಬಿಟ್ಟಿದ್ದ. ಬೇಡ ಎಂದವಳು ನಿಮ್ಮಮ್ಮ. ಜ್ವರದ ವರ್ಷದಲ್ಲಿ ಅವಳ ತವರಾದ ಇಗೊನಿ ಮನೆಯಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಸತ್ತಿದ್ದರು. ಆಮೇಲಿನ ವರ್ಷಗಳಲ್ಲೂ ಆ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದು ಕಡಿಮೆ. ಮೂವತ್ತು ಜನ ಹುಟ್ಟು ಹಾಕುವ ದೋಣಿಯನ್ನು ವರ್ಷಕ್ಕೊಮ್ಮೆ ಊರೊಡೆಯನ ಮುಂದೆ ತುಂಬಿ ತಂದು ತೋರಿಸಬೇಕು. ಮೂರು ವರ್ಷ ತೋರಿಸಲಾಗದ ಮನೆಗೆ ಚಾವಡಿಯಲ್ಲಿ ಪೀಠವಿಲ್ಲ, ಹೆಸರೂ ಇಲ್ಲ. ಅದು ಇನ್ನೊಂದು ಮನೆಯ ಬಾಲವಾಗುತ್ತದೆ. ನಿಮ್ಮಮ್ಮ ಇಬಿಯೆರೆಗೆ ಆಗ ಹತ್ತೊಂಬತ್ತು. ಹೊಗೆ ಅಟ್ಟದ ಮೇಲೆ ಮೀನು ಮಗುಚಿ ಹಾಕುತ್ತಲೇ ನನ್ನ ಮುಖ ನೋಡದೆ ಹೇಳಿದಳು: "ಕರಿಬಿ, ನಮ್ಮ ದೋಣಿ ಖಾಲಿ ಆಗ್ತಿದೆ. ನೀನು ನನ್ನನ್ನ ಸಣ್ಣ ಮದುವೆ ಮಾಡ್ಕೋ. ನಾನು ನಿನ್ನ ಮನೇಲೇ ಇರ್ತೀನಿ, ನಿನಗೇ ಅಡುಗೆ ಮಾಡ್ತೀನಿ. ಹುಟ್ಟೋ ಮಕ್ಕಳನ್ನ ಮಾತ್ರ ನಮ್ಮ ಮನೆಗೆ ಕೊಡು."

ನಾನು ನಕ್ಕೆ. "ಯಾವ ದೋಣೀಲಿ ಕೂತರೇನು, ಊಟಕ್ಕೆ ನಮ್ಮನೆಗೇ ಬರ್ತಾರಲ್ಲ" ಎಂದೆ. ಅಷ್ಟೇ ನಾನು ಯೋಚಿಸಿದ್ದು. ನಮ್ಮ ಬೊಕೊ ಮನೆಯಲ್ಲಿ ಜನಕ್ಕೆ ಬರವಿರಲಿಲ್ಲ. ನನ್ನ ಅಣ್ಣ ಮಾತ್ರ ಪೆಟ್ಟಿಗೆಯ ಮುಚ್ಚಳ ಧಡಾರನೆ ಹಾಕಿ, "ಹೆಂಡತಿ ಕಣ್ಣು ಮಿಟುಕಿಸಿದಳು ಅಂತ ಹೊಟ್ಟೇಲಿಲ್ಲದ ಮಕ್ಕಳನ್ನೂ ದಾನ ಕೊಟ್ಟ ಮಹಾರಾಯ!" ಎಂದ. ಅವನು ಸಾಯುವವರೆಗೂ ಆ ಹೆಸರಿನಿಂದಲೇ ನನ್ನನ್ನು ಕರೆದ. ಮಹಾರಾಯ, ಊಟ ಆಯ್ತಾ? ಮಹಾರಾಯ, ಮೀನು ಬಿತ್ತಾ? ನಾನೂ ನಗುತ್ತಲೇ ಓಗೊಟ್ಟೆ. ಮೂವತ್ತು ವರ್ಷ ಅದು ನನಗೆ ನಗುವ ವಿಷಯವೇ ಆಗಿತ್ತು.

ಸೊಬೆರೆ ನಮ್ಮ ಮನೆಯಲ್ಲೇ ಬೆಳೆದ. ಅವನ ಮೊದಲ ಹುಟ್ಟನ್ನು ಕೆತ್ತಿಕೊಟ್ಟವನು ನಾನು. ಉಬ್ಬರದ ನೀರು ಕಾಂಡ್ಲಾ ಗಿಡಗಳ ಬೇರಿಗೆ ಬಂದು ಮುಟ್ಟುವ ಶಬ್ದ ಕೇಳಿಯೇ ಹೊತ್ತು ಹೇಳುವುದನ್ನು ಕಲಿಸಿದವನು ನಾನು. ಇಪ್ಪತ್ತೆಂಟಕ್ಕೆ ಇಗೊನಿ ಮನೆಯವರು ಅವನನ್ನು ಯಜಮಾನನನ್ನಾಗಿ ಆರಿಸಿದರು. ವಯಸ್ಸಿನಲ್ಲಿ ದೊಡ್ಡವರು ಎಷ್ಟೋ ಜನ ಇದ್ದರು. ಎಲ್ಲರಿಗಿಂತ ಹಿರಿಯರು ನಿಮ್ಮ ಒರುವಾರಿ ತಾತ. ಅವರೇ ಎದ್ದು, "ನನಗೆ ಮಂಡಿ ನೋವು, ಮಾತು ಮರೆವು. ಜಗಳ ಬಿಡಿಸೋಕೆ ಈ ಹುಡುಗನಿಗೆ ಬರುತ್ತೆ, ಇವನೇ ಆಗ್ಲಿ" ಎಂದು ತಮ್ಮ ಕೈಯಿಂದಲೇ ಸೊಬೆರೆಯ ತಲೆಗೆ ಯಜಮಾನಿಕೆಯ ಟೋಪಿ ಇಟ್ಟರು. ನೀನೂ ಇದ್ದೆಯಲ್ಲ ಆ ದಿನ, ಅತ್ತು ಮೂಗು ಕೆಂಪಗೆ ಮಾಡಿಕೊಂಡಿದ್ದೆ.

ಯಜಮಾನನಾದ ಮೇಲೆ ಅವನಿಗೆ ನಿದ್ದೆ ಕಡಿಮೆಯಾಯಿತು. ಮನೆಯ ಗಂಡಸರು ಕೆಲಸ ಹುಡುಕಿಕೊಂಡು ಪೋರ್ಟ್ ಹಾರ್ಕೋರ್ಟಿನ ಹಡಗುಕಟ್ಟೆ ಸೇರುತ್ತಿದ್ದರು. ಹೋದ ವರ್ಷ, ಅದರ ಹಿಂದಿನ ವರ್ಷ ಎರಡು ಸಲವೂ ದೋಣಿ ತುಂಬಿರಲಿಲ್ಲ. ಇದು ಮೂರನೆಯದು. ಮೀನುಗಾರರ ಬಿಡಾರಗಳಿಗೆಲ್ಲ ಹೋಗಿ ಕೈಕಾಲು ಹಿಡಿದು ಜನ ಕೂಡಿಸಿದ. ಕೊನೆಗೆ ಇಪ್ಪತ್ತೆಂಟಾಯಿತು. ಇಪ್ಪತ್ತೊಂಬತ್ತನೆಯವರಾಗಿ ಎಪ್ಪತ್ತೆರಡು ವರ್ಷದ ಒರುವಾರಿ ತಾತ ಹುಟ್ಟು ಹಿಡಿದು ಕೂತರು. ಮೂವತ್ತನೆಯವನು ಅವನೇ. ಯಜಮಾನ ದೋಣಿಯ ನಡುವೆ ನಿಲ್ಲಬೇಕು, ಹುಟ್ಟು ಹಾಕುವುದಲ್ಲ. ಆಡಿಕೊಳ್ಳುವವರು ಆಡಿಕೊಂಡರು. ಅವನು ಲೆಕ್ಕಿಸಲಿಲ್ಲ.

ನೆರೆಯುವ ದಿನದ ಮುಂಚಿನ ವಾರ ನಾನು ಅವರ ದಕ್ಕೆಯ ಮುಂದೆ ಹಾದುಹೋಗುವಾಗ ಆ ದೋಣಿಯ ಎಡಮಗ್ಗುಲಿನ ಹಲಗೆ ಕಂಡಿತು. ಸಂದಿಯ ರಾಳ ಒಣಗಿ ಬಿರಿದಿತ್ತು. ಈ ಊರಿನ ಮುಕ್ಕಾಲು ಪಾಲು ದೋಣಿಗಳನ್ನು ನಾನೇ ರಿಪೇರಿ ಮಾಡುವವನು. ಆದರೆ ಒಂದು ಮನೆಯ ಯುದ್ಧದೋಣಿಯನ್ನು ಆ ಮನೆಯವರಲ್ಲದೆ ಇನ್ನೊಬ್ಬರು ಮುಟ್ಟುವಂತಿಲ್ಲ. ಸಂಜೆ ಊಟಕ್ಕೆ ಬಂದಾಗ ಸೊಬೆರೆಗೆ ಹೇಳಿದೆ. "ಗೊತ್ತು ಅಪ್ಪ. ನಮ್ಮ ಹುಡುಗರ ಕೈಲೇ ಹಾಕಿಸ್ತೀನಿ. ನೀನು ಮುಟ್ಟಿದರೆ, ಇಗೊನಿ ಮನೇಲಿ ಹುಟ್ಟು ಹಿಡಿಯೋಕೂ ಜನ ಇಲ್ಲ, ರಾಳ ಹಾಕೋಕೂ ಕೈ ಇಲ್ಲ ಅಂತಾರೆ" ಎಂದ. ಕುಟ್ಟಿದ ಗೆಣಸು ಬಾಳೆಕಾಯಿಗೆ ತಾಳೆಎಣ್ಣೆ ಸುರಿದುಕೊಂಡು ಎರಡು ಸಲ ಹಾಕಿಸಿಕೊಂಡು ಉಂಡ. ನಾನು ಮತ್ತೆ ಕೇಳಲಿಲ್ಲ. ಕದ್ದಾದರೂ ಹೋಗಿ ಆ ಸಂದು ಮುಚ್ಚಬಹುದಿತ್ತು. ಕಾನೂನಿಗೆ ಹೆದರಿ ಸುಮ್ಮನಿದ್ದೆ, ಮಗಳೇ. ದೋಣಿ ಮಗುಚಿದ ಮೂರು ದಿನಕ್ಕೆ ಅದಕ್ಕಿಂತ ದೊಡ್ಡ ಕಾನೂನನ್ನೇ ಮುರಿದೆ.

ಆ ದಿನ ಎಲ್ಲ ಸರಿಯಾಗಿಯೇ ಆಯಿತು. ಮೂವತ್ತು ಹುಟ್ಟು ಒಟ್ಟಿಗೆ ಏಳುವುದನ್ನು ನಾನು ದಡದಿಂದ ನೋಡಿದೆ. ಚಾವಡಿಯವರು ಎಣಿಸಿ, ತುಂಬಿದೆ ಎಂದು ಕೂಗಿದರು. ನಿಮ್ಮಮ್ಮ ತಲೆಯ ವಸ್ತ್ರ ಬಿಚ್ಚಿ ಗಾಳಿಗೆ ಬೀಸಿದಳು. ಎಲ್ಲ ದೋಣಿಗಳೂ ಅಳಿವೆಯವರೆಗೆ ಹೋಗಿ ಮರಳಬೇಕಾದ್ದು ಪದ್ಧತಿ. ಮರಳುವಾಗ ಪಡುವಣದಿಂದ ಬಿರುಗಾಳಿ ಎದ್ದಿತು. ಉಳಿದ ದೋಣಿಗಳು ನೀರು ಕುಡಿದರೂ ದಡ ಸೇರಿದವು. ಇಗೊನಿ ದೋಣಿಯ ಎಡಹಲಗೆ ಬಿಟ್ಟುಕೊಂಡಿತು. ಬದುಕಿ ಬಂದವರು ಹೇಳಿದ್ದನ್ನೇ ಬರೆಯುತ್ತಿದ್ದೇನೆ: ಸೊಬೆರೆ ಮಗುಚಿದ ದೋಣಿಯ ಬೆನ್ನಿನ ಮೇಲಕ್ಕೆ ಒಬ್ಬೊಬ್ಬರನ್ನೇ ನೂಕಿ ಹತ್ತಿಸಿದ. ಇಬ್ಬರಿಗಾಗಿ ಎರಡು ಸಲ ಮುಳುಗಿ ಎದ್ದ; ಒಬ್ಬ ಸಿಕ್ಕಿದ, ಇನ್ನೊಬ್ಬ ಸಿಗಲಿಲ್ಲ. ಕೊನೆಗೆ ಒರುವಾರಿ ತಾತ ಕೈ ಸೋತು ಜಾರಿದರು. ಅವರನ್ನು ಎತ್ತಿ ತನ್ನ ಜಾಗಕ್ಕೆ ಹತ್ತಿಸಿ, "ತಾತಾ, ಬಿಗಿಯಾಗಿ ಹಿಡ್ಕೊಳ್ಳಿ" ಎಂದನಂತೆ. ಆಮೇಲೆ ಬಂದ ಅಲೆಯ ನಂತರ ಅವನು ಕಾಣಿಸಲಿಲ್ಲ.

ಮೂರು ದಿನ ಹುಡುಕಿದೆವು. ಇಡೀ ಊರು ಹುಡುಕಿತು. ಮಂಗಳವಾರ ಬೆಳಿಗ್ಗೆ ನನಗೇ ಸಿಕ್ಕಿದ. ಕಾಂಡ್ಲಾ ಬೇರುಗಳ ನಡುವೆ, ಇಳಿತದ ಕೆಸರಿನಲ್ಲಿ, ಮಗ್ಗುಲಾಗಿ ಮಲಗಿದ್ದ. ಮುಖದ ಬಗ್ಗೆ ಬರೆಯುವುದಿಲ್ಲ. ಕೈ ನೋಡಿ ಗುರುತಿಸಿದೆ. ನನ್ನ ಪುಟ್ಟ ದೋಣಿಯಲ್ಲಿ ಹೇಗೋ ಮಲಗಿಸಿ, ನನ್ನ ಮದ್ರಾಸು ಚೌಕುಳಿ ಪಂಚೆ ಬಿಚ್ಚಿ ಹೊದೆಸಿದೆ. ಊರಿಗೆ ಬರುವಷ್ಟು ಹೊತ್ತು, ಇಪಾಲಿಬೊ, ಅವನು ನನ್ನವನಾಗಿದ್ದ. ಅವನು ಹುಟ್ಟಿದ ಮೇಲೆ ಅಷ್ಟು ಹೊತ್ತು ನನ್ನೊಬ್ಬನ ಬಳಿಯೇ ಇದ್ದದ್ದು ಅದೇ ಮೊದಲು. ಹುಟ್ಟನ್ನು ನಿಧಾನ ಹಾಕಿದೆ.

ದಕ್ಕೆಯಲ್ಲಿ ಜನ ಸೇರಿದ್ದರು. ಇಗೊನಿ ಮನೆಯ ದಕ್ಕೆಗೇ ತರಬೇಕಾದ್ದು ನ್ಯಾಯ, ಅಲ್ಲಿಗೇ ತಂದೆ. ಆದರೆ ಅವರ ಹುಡುಗರು ನೀರಿಗಿಳಿದು ದೋಣಿಯ ಅಂಚು ಹಿಡಿದಾಗ ನನ್ನಿಂದ ಬಿಡಲಾಗಲಿಲ್ಲ. ಅವನ ಮೇಲೆ ಬಾಗಿ ಕೂತುಬಿಟ್ಟೆ. "ನಾನೇ ತೊಳೀತೀನಿ. ನಾನೇ ಬಟ್ಟೆ ಹಾಕ್ತೀನಿ. ಯಾರೂ ಮುಟ್ಟಬೇಡಿ" ಎಂದೆ. ಒರುವಾರಿ ತಾತ ಮಂಡಿಯುದ್ದ ನೀರಿಗೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. "ಕರಿಬೀ, ಅವನು ನಮ್ಮ ಯಜಮಾನ ಕಣಪ್ಪ. ನಮ್ಮನೆ ಮಗು. ಕೊಟ್ಟುಬಿಡು" ಎಂದರು. ಅವರ ದನಿಯಲ್ಲಿ ಒಂದಿಷ್ಟೂ ಗಡಸು ಇರಲಿಲ್ಲ.

ಆಗ ನಾನು ಆ ಮಾತು ಆಡಿದೆ. ಈ ಊರಿನಲ್ಲಿ ಆಡಬಾರದ ಮಾತು. ಅವರ ಅಜ್ಜ ಯಾರು, ಎಷ್ಟು ಪುಟ್ಟ ಮಗುವಾಗಿದ್ದಾಗ ಯಾವ ಸಂತೆಯಲ್ಲಿ ಗುಲಾಮನಾಗಿ ಮಾರಾಟವಾಗಿ ಬಂದವನು ಎಂದು ಎಲ್ಲರ ಎದುರು ಕೂಗಿದೆ. "ಸಂತೇಲಿ ಮಾರಿಸಿಕೊಂಡು ಬಂದವನ ಮೊಮ್ಮಗ ನೀನು ಮನೆಯವನು, ಹುಟ್ಟಿಸಿದ ನಾನು ಹೊರಗಿನವನಾ? ನನ್ನ ಮಗನ ಜಾಗ ಹಿಡಿದು ಬದುಕಿದವನು ನೀನು!" ಎಂದೆ. ಹೆಂಗಸರು ಕಿವಿ ಮುಚ್ಚಿಕೊಂಡರು. ನಮ್ಮ ಅಜ್ಜಂದಿರು ಯಾಕೆ ಆ ಮಾತಿಗೆ ಅಷ್ಟು ದೊಡ್ಡ ಬೇಲಿ ಹಾಕಿದರು ಎಂದು ನನಗೆ ಆ ಕ್ಷಣ, ಅದನ್ನು ಮುರಿದ ಮೇಲೆ, ಅರ್ಥವಾಯಿತು. ಒರುವಾರಿ ತಾತನ ಮುಖ ನೋಡಿ ಅರ್ಥವಾಯಿತು. ಎಪ್ಪತ್ತೆರಡು ವರ್ಷ ಈ ನೀರಿನಲ್ಲಿ ಬಾಳಿದ ಮನುಷ್ಯನನ್ನು ನಾನು ಒಂದೇ ಉಸಿರಿನಲ್ಲಿ ದಿಕ್ಕಿಲ್ಲದವನನ್ನಾಗಿ ಮಾಡಿದ್ದೆ. ಹುಡುಗರು ಸೊಬೆರೆಯನ್ನು ಎತ್ತಿಕೊಂಡು ಹೋದರು. ನನ್ನ ಪಂಚೆಯನ್ನು ಮಡಚಿ ದೋಣಿಯಲ್ಲಿಟ್ಟು ಹೋದರು.

ಅಂಥ ಮಾತು ತೊಳೆಯದೆ ಹೆಣ ಮಣ್ಣು ಮಾಡುವಂತಿಲ್ಲ. ಮಧ್ಯಾಹ್ನವೇ ಚಾವಡಿ ಸೇರಿತು. ಊರೊಡೆಯ ನನ್ನನ್ನು ಏನೂ ಕೇಳಲಿಲ್ಲ. ಮೊದಲು ಮಾತು ತಗುಲಿದವನನ್ನು ಕೇಳುವುದು ಕ್ರಮ. ಒರುವಾರಿ ತಾತ ಎದ್ದು ನಿಂತರು. "ನನಗೇನೂ ಕೇಳಿಸಲಿಲ್ಲ ಒಡೆಯಾ. ಶನಿವಾರದಿಂದ ಕಿವೀಲಿ ನೀರು ತುಂಬ್ಕೊಂಡಿದೆ" ಎಂದರು. ಚಾವಡಿಯಲ್ಲಿ ಕೆಲವರು ತಲೆ ತಗ್ಗಿಸಿದರು. ಅಲ್ಲಿಗೆ ಅದು ಮುಗಿಯಬಹುದಿತ್ತು. ಊರೊಡೆಯ ಕೋಲು ಕೆಳಗಿಡಲು ಬಾಗಿದ್ದ. ಅಷ್ಟರಲ್ಲಿ ಹೆಂಗಸರ ಕಡೆಯಿಂದ ನಿಮ್ಮಮ್ಮ ಎದ್ದಳು.

"ತಾತನಿಗೆ ಕೇಳಿಸದೇ ಇರಬಹುದು. ನನಗೆ ಕೇಳಿಸ್ತು" ಎಂದಳು. ನಾನು ಅವಳ ಕಡೆ ನೋಡಿದೆ. ಅವಳು ನೆಟ್ಟಗೆ ನನ್ನನ್ನೇ ನೋಡುತ್ತ ಹೇಳಿದಳು: "ಕರಿಬಿಯವರೇ, ನೀವು ಅಂದಿರಿ. ನಮ್ಮ ದೋಣೀಲಿ ಕೂತ ಮೂವತ್ತು ಜನರಲ್ಲಿ ಎಷ್ಟು ಜನರ ಅಜ್ಜಂದಿರು ಹಾಗೆ ಬಂದವರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಇವತ್ತು ನನ್ನ ಗಂಡ, ಮಗ ಸತ್ತ ದುಃಖ ಅಂತ ಬಿಟ್ಟರೆ, ನಾಳೆ ಇನ್ಯಾರೋ ಕುಡಿದ ಅಮಲು ಅಂತ ಅಂತಾರೆ. ಆಮೇಲೆ ಅವರೆಲ್ಲ ಯಾವ ಮುಖ ಇಟ್ಕೊಂಡು ನಮ್ಮ ದೋಣಿ ಹತ್ತಬೇಕು? ನನ್ನ ಮಗ ಅವರಿಗೋಸ್ಕರ ಸತ್ತ."

ಮೂವತ್ತೊಂದು ವರ್ಷದಲ್ಲಿ ಅವಳು ನನ್ನನ್ನು "ನೀವು" ಎಂದದ್ದು ಅದೇ ಮೊದಲು. ಸಿಟ್ಟು ಬಂದಾಗಲೂ "ನೀನು", ಪ್ರೀತಿಯಲ್ಲೂ "ನೀನು". ಅವಳು ಹೇಳಿದ್ದು ನಿಜ ಎಂದು ನಾನೂ ಎದ್ದು ಒಪ್ಪಿಕೊಂಡೆ. ಅವಳ ಮೇಲೆ ನೀನು ಕೋಪ ಮಾಡಿಕೊಳ್ಳಬಾರದು ಮಗಳೇ. ಇಷ್ಟು ದಿನವೂ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಅವಳ ಮಾತಿನಲ್ಲಿ ತಪ್ಪು ಸಿಗುವುದಿಲ್ಲ. ತಪ್ಪು ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹದಿಮೂರು ತಿಂಗಳು ಇಗೊನಿ ಮನೆಯ ಅಂಗಳಕ್ಕೆ ಕಾಲಿಡಬಾರದು ಎಂದು ತೀರ್ಪಾಯಿತು. ಮಾತು ತೊಳೆಯಲು ನಮ್ಮ ಮನೆಯವರು ಮೇಕೆ ಕೊಟ್ಟರು. ಗುರುವಾರ ಸೊಬೆರೆಯನ್ನು ಮಣ್ಣು ಮಾಡಿದರು, ಆ ಅಂಗಳದಲ್ಲೇ. ಅತಿಥಿಗಳ ಬೆಂಚಿನ ಮೇಲೆ ಕೂರುವ ಹಕ್ಕಾದರೂ ಇದ್ದದ್ದನ್ನು ನಾನೇ ಕಳೆದುಕೊಂಡಿದ್ದೆ. ನನ್ನ ದೋಣಿಯನ್ನು ಹೊಳೆಯ ನಡುವೆ ನಿಲ್ಲಿಸಿಕೊಂಡು ಕೂತೆ. ಅಲ್ಲಿ ಕೂರುವವನನ್ನು ಯಾವ ಮನೆಯವರೂ ಎಬ್ಬಿಸುವಂತಿಲ್ಲ. ಮೊದಲು ಬರೀ ತಮಟೆಯ ಸದ್ದು ಕೇಳುತ್ತಿತ್ತು, ಏನೂ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಒರುವಾರಿ ತಾತ ಕುಂಟುತ್ತ ಬಂದು, ಹೊಳೆಯ ಕಡೆಯ ಚಾಪೆಗೋಡೆಯ ಕಟ್ಟು ಒಂದೊಂದಾಗಿ ಬಿಚ್ಚಿ, ಇಡೀ ಗೋಡೆಯನ್ನೇ ಸುತ್ತಿ ಪಕ್ಕಕ್ಕಿಟ್ಟರು. ನನ್ನ ಕಡೆ ನೋಡಲಿಲ್ಲ. ಹಿತ್ತಾಳೆಯ ಮಂಚ, ಅದರ ಮೇಲೆ ಪದರ ಪದರವಾಗಿ ಕಟ್ಟಿದ ಬಟ್ಟೆಗಳು, ಟೋಪಿ, ಎಲ್ಲ ಕಂಡವು. ಬಟ್ಟೆಯನ್ನು ನಿಮ್ಮಮ್ಮ ಆರಿಸಿದ್ದಳು. ಚೆನ್ನಾಗಿ ಆರಿಸಿದ್ದಳು. ಇಳಿತ ಎರಡು ಸಲ ನನ್ನನ್ನು ಕೆಳಕ್ಕೆ ಎಳೆದೊಯ್ದಿತು. ಎರಡು ಸಲವೂ ಹುಟ್ಟು ಹಾಕಿ ಅದೇ ಜಾಗಕ್ಕೆ ಬಂದೆ. ಮೂರನೆಯ ಸಲ ಬರುವ ಹೊತ್ತಿಗೆ ಮಂಚ ಖಾಲಿಯಾಗಿತ್ತು.

ನಿಮ್ಮಮ್ಮ ಇನ್ನೂ ಅಲ್ಲೇ ಇದ್ದಾಳೆ. ಸೂತಕ ಕಳೆದರೂ ಬಂದಿಲ್ಲ. ದಿನಾ ಸಂಜೆ ಮುಚ್ಚಿದ ತಟ್ಟೆಯೊಂದು ನಮ್ಮ ಹೊಸ್ತಿಲಿನ ಮೇಲೆ ಬಂದು ಕೂತಿರುತ್ತದೆ. ಚಿಪ್ಪುಹುಳುವಿನ ಸಾರು, ಕುಟ್ಟಿದ ಗೆಣಸು. ತಟ್ಟೆ ಅವಳದ್ದೇ, ಕೈರುಚಿ ಅವಳದ್ದೇ. ಮಾತು ಮಾತ್ರ ಬರುವುದಿಲ್ಲ. ನಾನು ತಿಂದು ತಟ್ಟೆ ತೊಳೆದು ಅಲ್ಲೇ ಇಡುತ್ತೇನೆ. ಮೊನ್ನೆ ಚರ್ಚಿನಲ್ಲಿ ನೋಡಿದೆ, ಬಹಳ ಇಳಿದುಹೋಗಿದ್ದಾಳೆ. ನೀನು ಅವಳಿಗೆ ಬೇರೆಯಾಗಿ ಕಾಗದ ಬರೆ, ದೊಡ್ಡದಾಗಿಯೇ ಬರೆ. ಒರುವಾರಿ ತಾತನಿಗೂ ಎರಡು ಸಾಲು ಬರೆ. ಅವರು ಆ ದಿನದಿಂದ ಮೀನು ಮುಟ್ಟಿಲ್ಲವಂತೆ.

ನಿನ್ನ ಹಾಸ್ಟೆಲ್ಲಿನ ಮೇಟ್ರನ್ ತಾಯಿಗೆ ನನ್ನ ನಮಸ್ಕಾರ ತಿಳಿಸು. ಒಬ್ಬಳೇ ಕೋಣೆಯಲ್ಲಿ ಕೂತು ಅಳಬೇಡ, ಯಾರನ್ನಾದರೂ ಪಕ್ಕದಲ್ಲಿಟ್ಟುಕೊಂಡು ಅಳು. ದೇವರು ನಿನ್ನ ಕೈಗೆ ರೋಗಿಗಳನ್ನು ಬದುಕಿಸುವ ಶಕ್ತಿ ಕೊಡಲಿ, ನಿನ್ನ ಆಯುಸ್ಸು ದೊಡ್ಡದಾಗಲಿ.

ನಿನ್ನ ಅಪ್ಪ,
ಕರಿಬಿ

ಮರೆತ ಮಾತಲ್ಲ, ಈಗಷ್ಟೇ ಬಂದದ್ದು: ಕಾಗದ ಮಡಚುತ್ತಿದ್ದಾಗ ಒರುವಾರಿ ತಾತ ಬಂದರು. ಒಳಗೆ ಬನ್ನಿ ಎಂದರೂ ಬರಲಿಲ್ಲ, ಹೊಸ್ತಿಲಲ್ಲೇ ನಿಂತು ಹೇಳಿದರು. ಇಗೊನಿ ಮನೆಯವರು ನಿನ್ನೆ ಸಭೆ ಸೇರಿದ್ದರಂತೆ. ನೀನೂ ಸಣ್ಣ ಮದುವೆಯೇ ಆಗಬೇಕು, ನಿನ್ನ ಮಕ್ಕಳು ಆ ದೋಣಿಗೆ ಬರಬೇಕು ಎಂದು ನಿರ್ಧಾರವಾಗಿದೆ. ನಿಮ್ಮಮ್ಮ ಒಪ್ಪಿದ್ದಾಳೆ. ನಿನಗೆ ಅವರೇ ಬರೆಯುತ್ತಾರೆ. "ನಿನ್ನ ಹತ್ತಿರ ಕೇಳ್ಬೇಕಾಗಿಲ್ಲ, ಆದರೂ ಹೇಳಿ ಹೋಗೋಣ ಅಂತ ಬಂದೆ" ಎಂದರು ತಾತ, ಅಷ್ಟು ಒಳ್ಳೆಯ ಮನುಷ್ಯ. ನಾನು ಬೇಡ ಎನ್ನಲಿಲ್ಲ. ನನಗೆ ಆ ಹಕ್ಕಿಲ್ಲ, ಇದ್ದಿದ್ದರೂ ಏನೆನ್ನುತ್ತಿದ್ದೆನೋ ತಿಳಿಯದು. ಆಸ್ಪತ್ರೆಯಲ್ಲಿ ಔಷಧಿ ಕೊಡುವ ಆ ಬಾನಿ ಊರಿನ ಹುಡುಗ ನಿನ್ನನ್ನು ಮದುವೆಗೆ ಕೇಳಿದ್ದಾನೆಂದು ಊರಿನ ಹೆಂಗಸರು ಮಾತಾಡುತ್ತಾರೆ. ನಿಜವಾದರೆ, ಅವನು ಸಣ್ಣ ಮದುವೆಗೆ ಹೂಂ ಎನ್ನುವ ಮೊದಲು ಈ ಕಾಗದವನ್ನು ಅವನ ಕೈಗೆ ಕೊಟ್ಟು ಪೂರ್ತಿ ಓದಿಸು. ಆತುರಪಡಿಸಬೇಡ. ಓದಿ ಅವನು ಏನೆಂದನೋ ಅದನ್ನು ನನಗೆ ತಿಳಿಸಬೇಡ, ನಿಮ್ಮಮ್ಮನಿಗೆ ಬರೆ. ಟಪಾಲು ಒಯ್ಯುವ ಲಾಂಚಿನವರು ಕೂಗುತ್ತಿದ್ದಾರೆ.